ಕಿನುಯೊಳ ಮದ್ದಳೆ, ಗೊಂಜೊನ ಬುರುಡೆ

ಪ್ರಾಣಿಗಳಿಗೂ ತಾಳ ತಿಳಿಯುತ್ತಿದ್ದ ಕಾಲದಲ್ಲಿ, ಮೂಡಣ ಕಡಲಿನಾಚೆ ಜಪಾನಿನ ಒಂದು ದ್ವೀಪದಲ್ಲಿ ಶಿರೊನಾಮಿ ಎಂಬ ರಾಜ್ಯವಿತ್ತು. ಅಲ್ಲಿ ಕಿನುಯೊ ಎಂಬ ಮದ್ದಳೆಗಾರ್ತಿ. ಮೂವತ್ತು ವರ್ಷ ನುಡಿಸಿ ನಲವತ್ತು ಕೃತಿ ಕಟ್ಟಿದವಳು. ಬಂದ ಫಲವೇನು? ಆಸ್ಥಾನದ ಮಾಂತ್ರಿಕ ಗೊಂಜೊ ಅವಳು ನುಡಿಸಿದ್ದನ್ನೆಲ್ಲ ಸೋರೆಬುರುಡೆಯಲ್ಲಿ ಹಿಡಿದಿಟ್ಟು, "ಇವೆಲ್ಲ ನನ್ನ ಕೃತಿಗಳು" ಎಂದು ಸಾರಿಬಿಟ್ಟ. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇವೆ; ಇವನು ಜಂತೆಯನ್ನೇ ಹೊತ್ತೊಯ್ದವನು!

ಕಿನುಯೊ ಕೆರಳಿ ಅರಮನೆಗೆ ಹೋದಳು. "ಪ್ರಭು, ಆ ಕೃತಿಗಳು ನನ್ನವು. ನನ್ನ ಹೆಸರು ನನಗೆ ಕೊಡಿಸಿ."

"ಮೂರು ಪರೀಕ್ಷೆ ಇಡ್ತೀನಿ," ಎಂದ ದೊರೆ. "ಮೊದಲು ಗೊಂಜೊ. ಅವನು ಸೋತರೆ ನೀನು."

ಕದ್ದವನಿಗೆ ಮೊದಲ ಸರದಿ! ಇದ್ಯಾವ ಸೀಮೆಯ ನ್ಯಾಯವೋ.

ಮೊದಲು ತಾಮ್ರದ ಕೊಕ್ಕರೆಯನ್ನು ಕುಣಿಸಬೇಕಿತ್ತು. ಗೊಂಜೊ ಬುರುಡೆಯ ಬಿರಟೆ ತೆಗೆದ. ಕಿನುಯೊಳ ತಾಳ ಹೊರಬಂತು, ಕೊಕ್ಕರೆ ಕುಣಿಯಿತು. "ಗೊಂಜೊಗೆ ಜಯ!" ಎಂದರು ಜನ. ಆಮೇಲೆ ಕಲ್ಲಿನ ಸಿಂಹವನ್ನು ಮಲಗಿಸಬೇಕಿತ್ತು. ಮತ್ತೆ ಬಿರಟೆ ತೆಗೆದ, ಮತ್ತೆ ಅವಳದೇ ತಾಳ, ಸಿಂಹ ಮಲಗಿತು, ಮತ್ತೆ ಜಯಕಾರ. ಕಿನುಯೊಗೆ ಮೈಯೆಲ್ಲ ಉರಿಯಿತು.

ಮೂರನೆಯದು, ಬಂದರನ್ನು ಸುತ್ತಿಕೊಂಡು ದೋಣಿಗಳನ್ನು ತಡೆದಿದ್ದ ಕಡಲಸರ್ಪವನ್ನು ಓಡಿಸುವುದು. ಬುರುಡೆಯ ತಾಳ ಕೇಳಿ ಅದು ಬುಸುಗುಟ್ಟಿತು: "ಇದು ಹಳಸಿದ ನಾದ. ಕೈಯಿಂದ ನುಡಿಸು."

ಗೊಂಜೊ ಕಿನುಯೊ ನುಡಿಸುವಂಥದ್ದೇ, ಹೆಗಲ ಮೇಲಿಡುವ ಕಿರುಮದ್ದಳೆಯೊಂದನ್ನು ಅರಮನೆಯಿಂದ ತರಿಸಿದ. ದೊಡ್ಡ ಮದ್ದಳೆಯವರು ಚರ್ಮವನ್ನು ಕೆಂಡಕ್ಕೆ ಕಾಯಿಸುವುದನ್ನು ನೋಡಿದ್ದ, ಇದನ್ನೂ ಕಾಯಿಸಿದ. ಆದರೆ ಕಿರುಮದ್ದಳೆಗೆ ಬೇಕಾದದ್ದು ತೇವ. ಮೊದಲ ಪೆಟ್ಟಿಗೇ ಚರ್ಮ ಹರಿಯಿತು.

"ನಲವತ್ತು ಕೃತಿ ಕಟ್ಟಿದೋನಿಗೆ ಇಷ್ಟೂ ಗೊತ್ತಿಲ್ವಾ?" ಎಂದಳು ಕಿನುಯೊ. ತನ್ನ ಕಿರುಮದ್ದಳೆಯ ಚರ್ಮಕ್ಕೆ ಹಾ ಎಂದು ಉಸಿರೂದಿ ತೇವ ಮಾಡಿ, ಹೆಗಲಿಗೇರಿಸಿ, ಮೂವತ್ತು ವರ್ಷದ ಪಳಗಿಕೆಯನ್ನೂ ಅಂದಿನ ಸಿಟ್ಟನ್ನೂ ಬೆರಳಿಗೆ ತಂದು ನುಡಿಸಿದಳು. ಸರ್ಪ ಸುರುಳಿ ಬಿಚ್ಚಿ ಕಡಲಿಗಿಳಿಯಿತು. ಆ ನಾದಕ್ಕೆ ಬುರುಡೆ ಒಡೆದು ನಲವತ್ತು ಕೃತಿಗಳೂ ಒಡತಿಯ ಬಳಿಗೆ ಓಡಿಬಂದವು. ಗೊಂಜೊನ ಮಾಟವೆಲ್ಲ ಇಳಿಯಿತು. ಅಂದಿನಿಂದ ಅವನು ಚಪ್ಪಾಳೆ ತಟ್ಟಿದರೂ ಸದ್ದಾಗಲಿಲ್ಲ.

ದೊರೆ ತಲೆ ತಗ್ಗಿಸಿದ. "ತಪ್ಪಾಯ್ತು ತಾಯಿ. ಏನು ಬೇಕೋ ಕೇಳಿ."

"ಅವನಿಗೆ ಜಯಕಾರ ಹಾಕಿದೋರೆಲ್ಲ ಇಲ್ಲೇ ಇದ್ದಾರಲ್ಲ ಪ್ರಭು. ಅದೇ ಬಾಯಲ್ಲಿ ನನ್ನ ಹೆಸರು ಕೂಗಲಿ. ನೀವೂ ಕೂಗಿ."

ದೊರೆಯೇ ಮೊದಲು ಕೂಗಿದ. ದೋಣಿಗಳು ಕಡಲಿಗೆ ಹೊರಟವು, ಊರೆಲ್ಲ ಉಂಡು ನಕ್ಕು ಬಾಳಿತು. ಕಿನುಯೊ ಇನ್ನೂ ನಲವತ್ತು ಕೃತಿ ಕಟ್ಟಿದಳು, ಒಂದೊಂದನ್ನೂ ತನ್ನದೇ ಹೆಸರಿನಲ್ಲಿ.