ಕಮಲಾಕ್ಷಮ್ಮನವರ ರುಜು

ಮಗಳ ಮದುವೆಯ ಸೀರೆಗೆ ದುಡ್ಡು ಬೇಕೆಂದು ಕನಕಲಕ್ಷ್ಮಿ ಎರಡು ಸಲ ಬಾಯಿಬಿಟ್ಟು ಕೇಳಿದ್ದಳು. ಎರಡು ಸಲವೂ ಕಮಲಾಕ್ಷಮ್ಮ ಕೊಬ್ಬರಿ ಚೀಲಗಳ ಮೇಲಿಂದ ಕಣ್ಣು ತೆಗೆಯದೆ, "ನೋಡಾನ ತಗಳ್ರಿ ಕನಕಮ್ಮ" ಅಂದಿದ್ದರು.

ಹದಿನಾಲ್ಕು ವರ್ಷದಿಂದ ಅವಳು ಗಂಡಸಿಯ ಆ ತೋಟದ ಮನೆಯಲ್ಲಿ ಬರವಣಿಗೆಯ ಕೆಲಸ ಮಾಡಿಕೊಂಡಿದ್ದಳು. ಗಂಡ ತೀರಿಕೊಂಡಾಗ ಮಗಳು ವೇದವಲ್ಲಿಗೆ ಮೂರು ವರ್ಷ. ಕಮಲಾಕ್ಷಮ್ಮನವರಿಗೂ ಗಂಡನಿರಲಿಲ್ಲ, ಅಕ್ಷರವೂ ಬರುತ್ತಿರಲಿಲ್ಲ. ಅರಸೀಕೆರೆಯ ನಂಜಪ್ಪನ ಜವಳಿ ಅಂಗಡಿಗೆ ಕನಕಲಕ್ಷ್ಮಿ ಚೀಟಿ ಬರೆದರೆ ಅವರು ಕೆಳಗೆ ರುಜು ಎಳೆಯುತ್ತಿದ್ದರು. ಚೀಟಿ ತಂದವರು ಯಾರೇ ಆಗಲಿ, ನಂಜಪ್ಪ ಬಟ್ಟೆ ಹರಿದುಕೊಟ್ಟು ಅಮ್ಮಾವ್ರ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದ. ಆ ರುಜುವಿಗೆ ಅಷ್ಟು ಬೆಲೆ.

ಈಗ ಹಳೇಬೀಡಿನ ಸ್ಕೂಲು ಮೇಷ್ಟರೊಬ್ಬರ ಜೊತೆ ವೇದವಲ್ಲಿಯ ಮದುವೆ ಗೊತ್ತಾಗಿತ್ತು. ಹುಡುಗನ ತಾಯಿ ಶ್ರೀರಂಗಮ್ಮ ಕೇಳಿದ್ದು ಒಂದೇ ಒಂದು. "ವರದಕ್ಷಿಣೆ ಬೇಡಮ್ಮಾ. ಧಾರೆಗೆ ಮಾತ್ರ ಹುಡುಗಿ ರೇಷ್ಮೆ ಸೀರೆ ಉಟ್ಕೊಂಡು ಬರಲಿ. ನಾಲ್ಕು ಜನ ನೋಡ್ತಾರೆ." ಸೀರೆಗೆ ನೂರಿಪ್ಪತ್ತು ರೂಪಾಯಿ. ಕನಕಲಕ್ಷ್ಮಿಯ ಸಂಬಳ ಹದಿನೈದು.

ಅಮ್ಮಾವ್ರ ಹೆಸರಲ್ಲಿ ತಾನೇ ಚೀಟಿ ಬರೆದುಕೊಳ್ಳುವ ಯೋಚನೆ ಬಂದ ದಿನ ಅವಳಿಗೆ ಭಯವಾಯಿತು. ಮಾರನೆಯ ದಿನ ಅಷ್ಟಾಗಲಿಲ್ಲ. ದೀಪಾವಳಿಗೆ ನಂಜಪ್ಪ ವರ್ಷದ ಲೆಕ್ಕ ಕಳಿಸುತ್ತಾನೆ. ಅದನ್ನು ಓದಿ ಹೇಳುವವಳು ತಾನೇ. ರೇಷ್ಮೆ ಸೀರೆ ಅಂತ ಇರುವ ಕಡೆ ಆಳುಗಳ ಕಂಬಳಿ ಅಂತ ಓದಿದರಾಯಿತು. ಮೊತ್ತ ಸರಿಯಾಗಿಯೇ ಇರುತ್ತದೆ. ಸಂತೆಯ ದಿನ ಹೋಗಬೇಕು, ನೂಕುನುಗ್ಗಲಲ್ಲಿ ನಂಜಪ್ಪ ಹೆಚ್ಚು ಮಾತಾಡುವುದಿಲ್ಲ. ಮದುವೆ ಕಳೆದ ಮೇಲೆ ತಿಂಗಳಿಗೆ ಐದೈದು ರೂಪಾಯಿ ಕೊಬ್ಬರಿಯ ದುಡ್ಡಿಗೆ ಸೇರಿಸುತ್ತ ಬಂದರೆ ಎರಡು ವರ್ಷದಲ್ಲಿ ತೀರುತ್ತದೆ. ಹಾಗೆ ಅಂದುಕೊಂಡಾಗ ಅದು ಕಳ್ಳತನವೆಂದೇ ಅನ್ನಿಸಲಿಲ್ಲ.

ಕಷ್ಟವಾಗಿದ್ದು ರುಜು. ಕೈಗೆ ಕಷ್ಟವಾಗಲಿಲ್ಲ, ಮನಸ್ಸಿಗೆ ಆಯಿತು. ಹೆಬ್ಬೆಟ್ಟು ಒತ್ತುತ್ತಿದ್ದ ಕಮಲಾಕ್ಷಮ್ಮನವರ ಬೆರಳು ಹಿಡಿದು ತಿದ್ದಿಸಿದವಳು ಅವಳೇ. 'ಕ್ಷ' ಬರಲು ಒಂದು ತಿಂಗಳು ಹಿಡಿದಿತ್ತು. ಬಂದ ದಿನ ಅವರು ಚಿಕ್ಕ ಹುಡುಗಿಯಂತೆ ನಕ್ಕು, "ಇನ್ಮ್ಯಾಕೆ ನನ್ನ ಯಾರೂ ಮೋಸ ಮಾಡಕಾಗಲ್ಲ ಬಿಡಿ" ಅಂದಿದ್ದರು. ಅಮ್ಮಾವ್ರು ಊಟ ಮಾಡಿ ಮಲಗಿದ ಮಧ್ಯಾಹ್ನ ಕನಕಲಕ್ಷ್ಮಿ ಒಂದು ರೇಷ್ಮೆ ಸೀರೆಗೆ ಚೀಟಿ ಬರೆದು, ರುಜುವಿನಲ್ಲಿ ಅದೇ 'ಕ್ಷ'ವನ್ನು ಬೇಕೆಂದೇ ಸೊಟ್ಟಗೆ ಬರೆದಳು. ಒಂದೇ ಸಲಕ್ಕೆ ಸರಿಹೋಯಿತು. ಕೆಳಗೆ ಸಂತೆಯ ದಿನದ ತಾರೀಖು ಹಾಕಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಸಂತೆಯ ದಿನ ಬೆಳಗಿನ ಬಸ್ಸಿಗೆ ಹೋದಳು. ಅಂಗಡಿ ತುಂಬ ಜನ. ಚೀಟಿ ನೀಡಿದಳು. ನಂಜಪ್ಪ ಅದನ್ನು ಓದದೆ ಹಾಗೇ ಹಿಡಿದುಕೊಂಡು ಎದ್ದ.

"ಬನ್ನಿ ಕನಕಮ್ಮನೋರೆ, ನಿಮ್ ದಾರಿನೇ ಕಾಯ್ತಿದ್ದೆ!"

ಬೀರುವಿನಿಂದ ಒಂದು ಪೊಟ್ಟಣ ತೆಗೆದು ಅವಳ ಮುಂದೆ ಬಿಚ್ಚಿದ. ಗಿಳಿಹಸಿರು ರೇಷ್ಮೆ, ಕೆಂಪು ಅಂಚು. ವೇದವಲ್ಲಿಗೆ ಹಸಿರೆಂದರೆ ಪ್ರಾಣ.

"ನೆನ್ನೆ ಅಮ್ಮಾವ್ರು ಕೊಬ್ಬರಿ ಮಂಡಿಗೆ ಬಂದೋರು ಇಲ್ಲಿಗೂ ಬಂದಿದ್ರು. ಒಂದು ಗಂಟೆ ಕೂತು ಇದನ್ನ ಆರಿಸಿದ್ರು. 'ಲೆಕ್ಕಕ್ಕೆ ಬರೀಬ್ಯಾಡ ನಂಜಪ್ಪ, ಓದೋವಾಗ ಕನಕಮ್ಮ ನೊಂದ್ಕತಾರೆ' ಅಂತ ಸೆರಗಿನ ಗಂಟು ಬಿಚ್ಚಿ ನೂರಿಪ್ಪತ್ತೂ ರೊಕ್ಕ ಎಣಿಸಿದ್ರು. ಸಂತೆಗೆ ಬಂದಾಗ ನಿಮ್ ಕೈಗೇ ಕೊಡು ಅಂದ್ರು."

ಕನಕಲಕ್ಷ್ಮಿ ಸೀರೆಯನ್ನು ಮುಟ್ಟಲಿಲ್ಲ. ನಂಜಪ್ಪ ಕನ್ನಡಕ ಏರಿಸಿಕೊಂಡು, ಕೈಯಲ್ಲಿದ್ದ ಚೀಟಿಯನ್ನು ಆಗ ಓದಿದ. ಇನ್ನೊಮ್ಮೆ ಓದಿದ. ಅವನ ಮುಖದ ನಗು ಮೆಲ್ಲಗೆ ಆರಿತು. "ನೆನ್ನೆ ದುಡ್ಡು ಕೊಟ್ಟೋದೋರು," ಅಂದ, ಸುತ್ತಲಿನವರಿಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ, "ಅದೇ ಸೀರೆಗೆ ಇವತ್ತಿನ ತಾರೀಖು ಹಾಕಿ ಚೀಟಿ ಯಾಕೆ ಕೊಟ್ರು, ಕನಕಮ್ಮನೋರೆ?"