ಅಪ್ಪನ ಪಾಲಿನ ಸದ್ದು

ಅಪ್ಪನ ಕಿವಿ ಮಂದ. ಅವರಿಗೆ ಕೇಳುವಷ್ಟು ಏರಿಸಿದರೆ ಬೀದಿಗೆಲ್ಲ ನಮ್ಮನೆ ಸಿನಿಮಾ. ಅದಕ್ಕೇ ಟಿವಿಗೆ ಜೋಡಿಸಿದ ಕಂಪ್ಯೂಟರಿನಿಂದ ಸದ್ದು ಎರಡು ಕಡೆ ಹೋಗುವಂತೆ ಮಾಡಿದ್ದೆ: ನಮಗೆ ಸ್ಪೀಕರು, ಅವರಿಗೆ ಹೆಡ್‌ಫೋನು. ಸಾಲದಿದ್ದರೆ ಅವರು ಕುರ್ಚಿಯ ಕೈ ತಟ್ಟುತ್ತಿದ್ದರು. ನಾನು ಅವರದ್ದನ್ನಷ್ಟೇ ಏರಿಸುತ್ತಿದ್ದೆ.

ಅವರು ತೀರಿಕೊಂಡ ಮೇಲೆ ಹೆಡ್‌ಫೋನಿನ ವೈರನ್ನು ಕಂಪ್ಯೂಟರಿನಿಂದ ಕಿತ್ತು, ಸುತ್ತಿ, ಅದೇ ಕುರ್ಚಿಯ ಮೇಲಿಟ್ಟೆ.

ನಿನ್ನೆ ಮಧ್ಯಾಹ್ನ ನಾನೂ ಅಮ್ಮನೂ ಸಿನಿಮಾ ನೋಡುತ್ತಿದ್ದಾಗ ಕುರ್ಚಿಯ ಕೈ ತಟ್ಟಿದ ಸದ್ದಾಯಿತು. ಕುರ್ಚಿಯಲ್ಲಿ ಹೆಡ್‌ಫೋನು ಮಾತ್ರ.

“ನಿಮ್ಮಪ್ಪಂಗೆ ಕೇಳಿಸ್ತಿಲ್ಲ ಕಣೋ, ಸ್ವಲ್ಪ ಜಾಸ್ತಿ ಮಾಡು,” ಎಂದಳು ಅಮ್ಮ, ಪರದೆಯಿಂದ ಕಣ್ಣು ಕೀಳದೆ.

ಅವಳ ಸಮಾಧಾನಕ್ಕೆಂದು ಕಂಪ್ಯೂಟರಿನಲ್ಲಿ ಅಪ್ಪನ ಪಾಲಿನ ಸದ್ದು ಏರಿಸಿದೆ. ತಟ್ಟುವುದು ನಿಂತಿತು.

ಸಿನಿಮಾ ಮುಗಿದ ಮೇಲೆ ಹೆಡ್‌ಫೋನು ಎತ್ತಿಕೊಂಡೆ. ವೈರು ನಾನು ಸುತ್ತಿಟ್ಟ ಹಾಗೆಯೇ ಇತ್ತು. ಕಿವಿಯ ಮೆತ್ತೆಗಳು ಬೆಚ್ಚಗಿದ್ದವು.