ನಾಲ್ಕನೇ ಮೂಲೆ

"ಮತ್ತೆ ಬಾಯಿ ಬಿಟ್ಟಿದೆ ನೋಡು," ಎಂದು ರಂಜಿತ ಫೋಟೋ ಫ್ರೇಮನ್ನು ಕದಿರೇಶನ ಮುಖಕ್ಕೇ ಹಿಡಿದಳು. ಮೂರು ಮೂಲೆಗಳು ಕೂದಲೂ ತೂರದಂತೆ ಕೂತಿದ್ದವು. ನಾಲ್ಕನೆಯದರಲ್ಲಿ ಬೆಳಕು ಕಾಣುತ್ತಿತ್ತು.

ಟೇಕಲ್ ರಸ್ತೆಯ ಶೆಡ್ಡಿನಲ್ಲಿ ಕದಿರೇಶ್ ಫ್ರೇಮ್ ಮಾಡುತ್ತಿದ್ದ. ಮಾಲೂರಿನ ಗಂಗುಲಪ್ಪನವರ ಫೋಟೋ ಅಂಗಡಿಗೆ ಅವನ್ನು ಸರಿಯಿವೆಯೇ ಎಂದು ನೋಡಿ ಒಯ್ಯುವುದು ರಂಜಿತಳ ಕೆಲಸ. ಸಂದಿಗೆ ಅವನು ಪುಟ್ಟಿ ಮೆತ್ತಿ ಬಣ್ಣ ಬಳಿದು ಕೊಡುತ್ತಿದ್ದ. ಅದು ಉದುರಿದಾಗ ಅವಳು ಮತ್ತೆ ಬರುತ್ತಿದ್ದಳು.

"ಮರ ಹಸಿ ಇತ್ತೇನೋ. ಕೂತ್ಕೋ, ಟೀ ತರಿಸ್ತೀನಿ."

"ನಿನ್ ಮರ ಯಾವಾಗ ಒಣಗುತ್ತೋ?"

"ನೀನು ಹಿಂಗೆ ನೋಡ್ತಿದ್ರೆ ಇವತ್ತೇ ಒಣಗುತ್ತೆ."

ನಗು ತಡೆಯಲು ಅವಳು ಕೆಳತುಟಿ ಕಚ್ಚಿದಳು. ಅವನ ರೆಪ್ಪೆಯ ಮೇಲೆ ಕೂತಿದ್ದ ಮರದ ಹೊಟ್ಟನ್ನು ಮೆಲ್ಲಗೆ ಊದಬೇಕೆನಿಸಿತು. ಊದಲಿಲ್ಲ, ದುಪಟ್ಟಾ ಸರಿಮಾಡಿಕೊಂಡು ಟೀ ಕುಡಿದಳು.

ಶ್ರೀನಿವಾಸಪುರದಲ್ಲಿ ತೆರೆಯುವ ಹೊಸ ಅಂಗಡಿಯನ್ನು ನೀನೇ ನೋಡಿಕೋ ಎಂದು ಗಂಗುಲಪ್ಪ ಅವಳಿಗೆ ಹೇಳಿದ್ದರು. ಅವಳಿಗೆ ಅದೊಂದೇ ಕನಸು. ಆ ವಾರವೇ ಒಬ್ಬ ಮುದುಕಿ ತೀರಿಹೋದ ಗಂಡನ ಫೋಟೋ ವಾಪಸ್ ತಂದು, ಸಂದಿಯಲ್ಲಿ ಇರುವೆ ನುಗ್ಗಿ ಯಜಮಾನರ ಮುಖವೇ ಹಾಳಾಯಿತೆಂದು ಅಂಗಡಿ ಮುಂದೆ ಗೋಳಾಡಿದಳು.

"ಒಂದು ಮೂಲೆ ನೋಡಿ ತರೋಕಾಗಲ್ಲ, ಅಂಗಡಿ ನಡೆಸ್ತೀಯಾ? ನಾಳೆಯಿಂದ ಬರಬೇಡಮ್ಮ," ಎಂದರು ಗಂಗುಲಪ್ಪ.

ಅವಳು ನೇರ ಶೆಡ್ಡಿಗೆ ಬಂದು ಕೆಲಸ ಹೋದದ್ದನ್ನು ಹೇಳಿ ಬಿಕ್ಕಿಬಿಕ್ಕಿ ಅತ್ತಳು. ಕದಿರೇಶನ ಮುಖ ಅರಳಿತು. ಪಾಪಿ, ಇದೇ ಒಳ್ಳೆಯ ಗಳಿಗೆ ಎಂದುಕೊಂಡ!

"ಅಳಬೇಡ ಕಣೇ. ಪಟ್ಟಿ ತುದೀನ ನಲವತ್ತೈದು ಡಿಗ್ರಿಗೆ ಕೊಯ್ಬೇಕು, ನಾನೇ ಬ್ಲೇಡನ್ನ ಅರ್ಧ ಡಿಗ್ರಿ ತಪ್ಪಿಸಿ ಇಡ್ತಿದ್ದೆ. ಮೂರು ಮೂಲೆ ಕೂರುತ್ತೆ, ತಪ್ಪೆಲ್ಲ ನಾಲ್ಕನೇದಕ್ಕೆ ಬರುತ್ತೆ."

"ಬೇಕಂತಲೇ?"

"ನೀನು ವಾಪಸ್ ಬರ್ಲಿ ಅಂತ. ಕೆಲಸ ಹೋದ್ರೆ ಹೋಗ್ಲಿ ಬಿಡು, ನನ್ನ ಮದುವೆಯಾಗು."

ಅವಳ ಅಳು ನಿಂತಿತು. ಅವನ ಮೇಲಿನ ಪ್ರೀತಿ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಅದಕ್ಕೇ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಬೇರೆ ಕಡೆಯಿಂದ ಮಾಲು ತರಿಸೋಣ ಅಂತ ಗಂಗುಲಪ್ಪನವ್ರು ಯಾವಾಗ್ಲೋ ಅಂದಿದ್ರು. ಕದಿರೇಶ್ ಒಳ್ಳೆ ಕೆಲಸಗಾರ, ಮರದ್ದೇ ತಪ್ಪು ಅಂತ ನಾನೇ ಜಗಳ ಆಡಿದ್ದೆ."

ಅವನು ಕೈ ಹಿಡಿಯಲು ಬಂದ. ಅವಳು ಹಿಂದೆ ಸರಿದು ರಸ್ತೆಗೆ ಇಳಿದಳು. ಮಾಲೂರಿನ ಬಸ್ಸು ಬರುತ್ತಿತ್ತು.

"ರಂಜಿತಾ, ನಾಳೆ ಬರ್ತೀಯಲ್ವಾ?"

"ಸರಿಯಾಗಿ ಕೊಯ್ದಿದ್ರೂ ಬರ್ತಿದ್ದೆ ಕಣೋ," ಎಂದು ಹೇಳಿ ಅವಳು ಬಸ್ಸು ಹತ್ತಿದಳು.